ಗರಗಸ ಹೋಗದ ಮೂಲೆಗೆ ಮಲ್ಟಿ ಟೂಲ್

ಬಚ್ಚಲುಮನೆ ಬಾಗಿಲಿನ ಚೌಕಟ್ಟನ್ನು ಒಮ್ಮೆ ಬಗ್ಗಿ ನೋಡಿ. ನಮ್ಮ ಕಡೆ ವಾಸ್ಕಲ್ ಅಂತಾರೆ, ಮಲೆನಾಡು ಕರಾವಳಿಯಲ್ಲಿ ದಾರಂದ. ಮನೆ ಕಟ್ಟಿ ಹತ್ತು ಹನ್ನೆರಡು ವರ್ಷವಾಗಿದ್ದರೆ ಅದರ ಕಾಲಿನ ತುದಿ ನಾಲ್ಕೈದು ಇಂಚು ಕೊಳೆತಿರುವುದೇ ಜಾಸ್ತಿ. ಮೇಲಿನ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಒಳಗೆ ಹೋಗುತ್ತದೆ.

ಇಡೀ ಚೌಕಟ್ಟು ಕೀಳಿಸಿದರೆ ಗೋಡೆ ಒಡೆಯಬೇಕು, ಗಾರೆ ಕೆಲಸ, ಟೈಲ್ಸ್ ಕೆಲಸ, ಬಣ್ಣ, ಎಲ್ಲವೂ ಬರುತ್ತದೆ. ಕೊಳೆತಷ್ಟನ್ನು ಮಾತ್ರ ಕತ್ತರಿಸಿ ಹೊಸ ತುಂಡು ಕೂರಿಸಿದರೆ ಸಾಕು. ಆದರೆ ಕತ್ತರಿಸುವುದು ಹೇಗೆ? ಹಿಂದೆ ಗೋಡೆ, ಕೆಳಗೆ ನೆಲ. ಕೈಗರಗಸ ಆಡಿಸಲು ಜಾಗವಿಲ್ಲ. ಉಳಿ ಕೊಡತಿ ಹಿಡಿದರೆ ಪ್ರತಿ ಏಟಿಗೂ ಗೋಡೆ ಅದುರಿ, ಪಕ್ಕದ ಟೈಲ್ಸ್ ಬಿರುಕು ಬಿಡುತ್ತದೆ. ಇನ್ನು ಕೆಲವರು ಕಬ್ಬಿಣ ಕತ್ತರಿಸುವ ಕೈ ಗ್ರೈಂಡರ್‌ಗೆ ಮರ ಕತ್ತರಿಸುವ ಹಲ್ಲಿನ ಡಿಸ್ಕ್ ಹಾಕಿಕೊಂಡು ಬರುತ್ತಾರೆ. ಕೋತಿಗೆ ಹೆಂಡ ಕುಡಿಸಿದ ಹಾಗೆ ಅದು. ದಯವಿಟ್ಟು ಬೇಡ.

ನಮ್ಮ ಮನೆಯಲ್ಲಿ ಹೀಗಾದಾಗ ಆಚಾರ್ರು ಚೀಲದಿಂದ ಒಂದು ಯಂತ್ರ ತೆಗೆದರು. ದಪ್ಪ ಟಾರ್ಚಿನಂಥ ಮೈ, ಮೂತಿಗೆ ಪುಟ್ಟಿ ಹಚ್ಚುವ ಪಟ್ಟಿಯಂಥ ಒಂದು ಚಪ್ಪಟೆ ಬ್ಲೇಡು, ಅದರ ತುದಿಗೆ ಹಲ್ಲು. ಸ್ವಿಚ್ ಒತ್ತಿದಾಗ ಕಿವಿ ತುಂಬ ಗುಂಯ್ ಅಂದಿತು, ಬ್ಲೇಡು ಮಾತ್ರ ನಿಂತೇ ಇದ್ದ ಹಾಗೆ ಕಂಡಿತು. ಮರಕ್ಕೆ ತಾಗಿಸಿದರು. ಬೆಣ್ಣೆಗೆ ಚಾಕು ಇಳಿದಂತೆ ಅಂತ ಹೇಳಲಾರೆ, ಅಷ್ಟು ಸಲೀಸಲ್ಲ. ಆದರೆ ಇಳಿಯಿತು. ಸುತ್ತಲಿನ ಒಂದು ಟೈಲ್ಸೂ ಅಲುಗಲಿಲ್ಲ. ಅದೇ ವಾರ ನಾನೂ ಒಂದು ಕೊಂಡೆ, ಎರಡೇ ದಿನದಲ್ಲಿ ಮೂರು ಬ್ಲೇಡು ಸುಟ್ಟೆ. ಯಂತ್ರ ಕೆಟ್ಟದ್ದಾಗಿರಲಿಲ್ಲ. ಅದನ್ನು ನಾನು ಗರಗಸ ಅಂದುಕೊಂಡಿದ್ದೆ, ಅದೇ ತಪ್ಪು.

ಇದರ ಪೂರ್ತಿ ಹೆಸರು ಆಸಿಲೇಟಿಂಗ್ ಮಲ್ಟಿ ಟೂಲ್. ಅಂಗಡಿಯಲ್ಲಿ ಮಲ್ಟಿ ಟೂಲ್ ಅಥವಾ ಮಲ್ಟಿ ಕಟ್ಟರ್ ಅಂದರೆ ಸಾಕು. ಇದರ ಬ್ಲೇಡು ಸುತ್ತುವುದಿಲ್ಲ, ಜಿಗ್‌ಸಾ ಹಾಗೆ ಮೇಲೆ ಕೆಳಗೆ ಹೋಗುವುದೂ ಇಲ್ಲ. ಮೊಸರು ಕಡೆಯುವ ಕಡೆಗೋಲು ನೆನಪಿದೆಯಲ್ಲ? ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು. ಇದೂ ಹಾಗೆಯೇ, ಆದರೆ ಪೂರ್ತಿ ಸುತ್ತಲ್ಲ, ಬರೀ ಮೂರು ಡಿಗ್ರಿಯ ಆಸುಪಾಸು. ಒಳಗೆ ಮೋಟಾರು ಎಲ್ಲ ಮೋಟಾರಿನಂತೆ ಸುತ್ತುತ್ತದೆ. ಅದರ ತುದಿಯಲ್ಲಿ ನಡುವಿನಿಂದ ಸ್ವಲ್ಪ ಸರಿಸಿ ಕೂರಿಸಿದ ಬೇರಿಂಗ್ ಇದೆ. ಆ ಬೇರಿಂಗ್ ಒಂದು ಕವಲಿನ ಮಧ್ಯೆ ಸುತ್ತುತ್ತಾ ಕವಲನ್ನು ಎಡಕ್ಕೂ ಬಲಕ್ಕೂ ತಳ್ಳುತ್ತದೆ. ಕವಲಿಗೆ ಸೇರಿದ ದಂಡ ಅಲುಗುತ್ತದೆ, ದಂಡಕ್ಕೆ ಬಿಗಿದ ಬ್ಲೇಡೂ ಅಲುಗುತ್ತದೆ. ನಿಮಿಷಕ್ಕೆ ಸುಮಾರು 20,000 ಸಲ.

ಈ ಅಲುಗಾಟವನ್ನು ಲೆಕ್ಕ ಹಾಕಿ ನೋಡಿದರೆ ಯಂತ್ರದ ಗುಣ, ಅವಗುಣ ಎರಡೂ ತಾವಾಗಿಯೇ ಅರ್ಥವಾಗುತ್ತವೆ. ದಂಡದ ನಡುವಿನಿಂದ ಹಲ್ಲಿನ ತುದಿಗೆ 80 ಮಿ.ಮೀ. ಅಂತಿಟ್ಟುಕೊಳ್ಳಿ. ಮೂರು ಡಿಗ್ರಿ ಅಲುಗಿದರೆ ತುದಿ ಸರಿಯುವುದು 4 ಮಿ.ಮೀ. ಚಿಲ್ಲರೆ. ಹೋಗಿ ಬರುವುದು ಸೇರಿ 8.4 ಮಿ.ಮೀ. ಅದನ್ನು 20,000 ಸಲ ಮಾಡಿದರೆ ನಿಮಿಷಕ್ಕೆ ಸುಮಾರು 168 ಮೀಟರ್. ಸರಾಸರಿ ತೆಗೆದರೆ ಗಂಟೆಗೆ 10 ಕಿ.ಮೀ., ನಿಧಾನಕ್ಕೆ ತುಳಿಯುವ ಸೈಕಲ್ಲಿನ ವೇಗ. ಅದೇ ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ಹೊಡೆಯುತ್ತದೆ. ಅದರ ಡಿಸ್ಕಿನ ಅಂಚು ಓಡುವುದು ಗಂಟೆಗೆ 200 ಕಿ.ಮೀ.ಗೂ ಮೇಲೆ.

ಗ್ರೈಂಡರ್ ಕೈಯಿಂದ ಒದ್ದುಕೊಂಡು ಹಾರುವುದು, ಇದು ಹಾರದೇ ಇರುವುದು ಏಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಸುತ್ತುವ ಡಿಸ್ಕಿನಲ್ಲಿ ಓಟದ ಬಲ ಕೂಡಿರುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಆ ಬಲ ಎಲ್ಲ ನಿಮ್ಮ ಕಡೆಗೇ ತಿರುಗುತ್ತದೆ. ಮಲ್ಟಿ ಟೂಲಿನ ಬ್ಲೇಡು 4 ಮಿ.ಮೀ. ಹೋಗುವಷ್ಟರಲ್ಲಿ ನಿಂತು, ಹಿಂದಕ್ಕೆ ತಿರುಗಿರುತ್ತದೆ. ಬಲ ಕೂಡಿಡಲು ಅದಕ್ಕೆ ಪುರುಸೊತ್ತೇ ಇಲ್ಲ. ಸಿಕ್ಕಿಕೊಂಡರೆ ಕೈ ಜೋರಾಗಿ ನಡುಗುತ್ತದೆ, ಅಷ್ಟೆ.

ಈ ಗುಣವನ್ನು ಮೊದಲು ಕಂಡುಕೊಂಡವರು ಬಡಗಿಗಳಲ್ಲ, ಮೂಳೆ ಡಾಕ್ಟರು. ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಅದನ್ನು ಬಿಚ್ಚುವ ದಿನದ ಸದ್ದು ಮರೆತಿರಲಿಕ್ಕಿಲ್ಲ. ಅಮೆರಿಕದ ಮಿಷಿಗನ್‌ನ ಹೋಮರ್ ಸ್ಟ್ರೈಕರ್ ಎಂಬ ಮೂಳೆ ತಜ್ಞರು 1940ರ ದಶಕದಲ್ಲಿ ಪ್ಲಾಸ್ಟರ್ ಕತ್ತರಿಸುವ ಅಲುಗಾಡುವ ಗರಗಸ ಮಾಡಿ ಪೇಟೆಂಟ್ ಪಡೆದರು. ಪ್ಲಾಸ್ಟರ್ ಗಡುಸು, ಅಲುಗುವುದಿಲ್ಲ. ಹಾಗಾಗಿ ಹಲ್ಲು ಅದನ್ನು ಕೆರೆಯುತ್ತದೆ. ಒಳಗಿನ ಚರ್ಮ ಮೆತ್ತಗೆ, ಹಲ್ಲು ಅತ್ತ ಹೋದರೆ ತಾನೂ ಅತ್ತ, ಇತ್ತ ಬಂದರೆ ಇತ್ತ. ಕತ್ತರಿಸುವುದಕ್ಕೆ ಹಿಡಿತವೇ ಸಿಗುವುದಿಲ್ಲ. ಜರ್ಮನಿಯ ಫೈನ್ ಕಂಪನಿಯೂ 1967ರಲ್ಲಿ ಇಂಥದ್ದೇ ಪ್ಲಾಸ್ಟರ್ ಗರಗಸ ತಂದಿತು. 1895ರಲ್ಲಿ ಕೈಯಲ್ಲಿ ಹಿಡಿಯುವ ಮೊದಲ ಎಲೆಕ್ಟ್ರಿಕ್ ಡ್ರಿಲ್ ಮಾಡಿದ್ದು ಇದೇ ಕಂಪನಿ. ಮುಂದೆ 1980ರ ದಶಕದಲ್ಲಿ ಅದೇ ಅಲುಗಾಟವನ್ನು ಮಲ್ಟಿಮಾಸ್ಟರ್ ಎಂಬ ಹೆಸರಿನಲ್ಲಿ ಕೆಲಸಗಾರರ ಕೈಗೆ ಕೊಟ್ಟಿತು. ಬಹಳ ಕಾಲ ಅದು ದುಬಾರಿ ಯಂತ್ರವಾಗಿಯೇ ಉಳಿಯಿತು. 2000ದ ದಶಕದ ಕೊನೆಗೆ ಪೇಟೆಂಟ್ ಮುಗಿದ ಮೇಲೆಯೇ ಬೇರೆ ಕಂಪನಿಗಳೆಲ್ಲ ಇಳಿದವು, ಬೆಲೆಯೂ ಇಳಿಯಿತು.

ಚರ್ಮ ಕತ್ತರಿಸುವುದಿಲ್ಲ ಅಂತ ಓದಿ ಬೆರಳು ಇಟ್ಟು ನೋಡಲು ಹೋಗಬೇಡಿ! ಆಸ್ಪತ್ರೆಯ ಬ್ಲೇಡಿನ ಹಲ್ಲು ಸಣ್ಣದು. ಮರದ ಬ್ಲೇಡಿನ ಹಲ್ಲು ದೊಡ್ಡದು, ಚೂಪು, ಬೆರಳಲ್ಲಿ ಚರ್ಮದ ಕೆಳಗೇ ಮೂಳೆ. ಚೆನ್ನಾಗಿಯೇ ಕೊಯ್ಯುತ್ತದೆ.

ಈಗ ಅವಗುಣಕ್ಕೆ ಬರೋಣ. ಕೈಗರಗಸವನ್ನು ಎಳೆದಾಗ ಹಲ್ಲು ಮರದ ಪುಡಿಯನ್ನು ಹೊತ್ತುಕೊಂಡು ಆಚೆ ಬದಿಗೆ ಹೋಗಿ ಚೆಲ್ಲಿ ಬರುತ್ತದೆ. ಮಲ್ಟಿ ಟೂಲಿನ ಹಲ್ಲು ಆಚೆ ಬದಿಗೆ ಹೋಗುವುದೇ ಇಲ್ಲ. ಇದ್ದಲ್ಲೇ 4 ಮಿ.ಮೀ. ಉಜ್ಜುತ್ತದೆ. ಪುಡಿ ಸೀಳಿನ ಒಳಗೇ ಉಳಿಯುತ್ತದೆ. ನೀವು ಜೋರಾಗಿ ಒತ್ತಿದಷ್ಟೂ ಹಲ್ಲು ಮರವನ್ನು ಬಿಟ್ಟು ಪುಡಿಯನ್ನೇ ಅರೆಯುತ್ತದೆ. ಬಿಸಿ ಏರುತ್ತದೆ. ಹೊಗೆ, ಸುಟ್ಟ ವಾಸನೆ, ಕಪ್ಪಾದ ಅಂಚು. ಇನ್ನೂ ಒತ್ತುತ್ತೀರಿ, ಯಾಕೆಂದರೆ ಇಳಿಯುತ್ತಿಲ್ಲ. ನಾನು ಮೂರು ಬ್ಲೇಡು ಸುಟ್ಟಿದ್ದು ಹೀಗೇ.

ಬಿಸಿಯಾದರೆ ಬ್ಲೇಡು ಏಕೆ ಸಾಯುತ್ತದೆ? ಮರಕ್ಕೆಂದು ಕೊಡುವ ಅಗ್ಗದ ಬ್ಲೇಡು ಹೈ ಕಾರ್ಬನ್ ಸ್ಟೀಲಿನದು. ಅದಕ್ಕೆ 200ರಿಂದ 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹದ ಇಳಿದು ಹಲ್ಲು ಮೆತ್ತಗಾಗುತ್ತದೆ. ತುದಿ ನೀಲಿಯಾಗಿದೆ ಅಂದರೆ 300ರ ಹತ್ತಿರ ಹೋಗಿ ಬಂದಿದೆ ಅಂತ ಅರ್ಥ. ಅದನ್ನು ಎಷ್ಟು ಅರ ಹಾಕಿದರೂ ಪ್ರಯೋಜನವಿಲ್ಲ. ಬೈಮೆಟಲ್ ಬ್ಲೇಡಿನಲ್ಲಿ ಮೈ ಬಾಗುವ ಸ್ಟೀಲು, ಹಲ್ಲಿನ ಪಟ್ಟಿ ಮಾತ್ರ ಹೈ ಸ್ಪೀಡ್ ಸ್ಟೀಲು, ಎರಡನ್ನೂ ಬೆಸೆದಿರುತ್ತಾರೆ. ಆ ಹಲ್ಲು 600 ಡಿಗ್ರಿಯವರೆಗೂ ಗಡುಸು ಬಿಡುವುದಿಲ್ಲ. ಮರದೊಳಗೆ ಮೊಳೆ ಇದ್ದರೂ ಕತ್ತರಿಸಿಕೊಂಡು ಹೋಗುತ್ತದೆ. ನನ್ನ ಮಾತು ಕೇಳುವುದಾದರೆ, ರಿಪೇರಿ ಕೆಲಸಕ್ಕೆ ಹೈ ಕಾರ್ಬನ್ ಬ್ಲೇಡು ಕೊಳ್ಳಲೇಬೇಡಿ. ಹಳೆ ಮರದಲ್ಲಿ ಎಲ್ಲಿ ಮೊಳೆ ಇದೆ ಅಂತ ಯಾರಿಗೆ ಗೊತ್ತು? ತೇಗದ ಮರವಾದರಂತೂ ಅದರ ಮೈಯಲ್ಲೇ ಮರಳಿನಂಥ ಸಿಲಿಕಾ ಇದೆ, ಯಾವ ಹಲ್ಲನ್ನಾದರೂ ಬೇಗ ಸವೆಸುತ್ತದೆ.

ಬ್ಲೇಡಿಗಿಂತ ಮೊದಲು ಕೈ ಸರಿಯಾಗಬೇಕು. ಮೊದಲು ಬ್ಲೇಡಿನ ಪೂರ್ತಿ ಅಗಲವನ್ನು ಗೆರೆಯ ಮೇಲೆ ಹಗುರವಾಗಿ ತಾಗಿಸಿ ಒಂದು ಗೀರು ಮಾಡಿ. ಯಂತ್ರವನ್ನು ಚಾಲೂ ಮಾಡಿಯೇ ತಾಗಿಸಬೇಕು, ತಾಗಿಸಿ ಚಾಲೂ ಮಾಡಿದರೆ ನೆಗೆದು ಪಕ್ಕದಲ್ಲಿ ಗೀಚುತ್ತದೆ. ಗೀರು ಬಿದ್ದ ಮೇಲೆ ಬ್ಲೇಡಿನ ಒಂದು ಮೂಲೆಯನ್ನು ಮುಂದೆ ಮಾಡಿ, ನಿಧಾನಕ್ಕೆ ಎಡಕ್ಕೆ ಬಲಕ್ಕೆ ತೂಗಿಸುತ್ತಾ ಇಳಿಸಿ. ತೂಗಿಸಿದಾಗ ಒಂದು ಸಲಕ್ಕೆ ಕೆಲವೇ ಹಲ್ಲು ಮರಕ್ಕೆ ತಾಗುತ್ತವೆ, ಪುಡಿ ಆಚೆ ಬರಲು ಸಂದಿ ಸಿಗುತ್ತದೆ. ಐದಾರು ಸೆಕೆಂಡಿಗೊಮ್ಮೆ ಪೂರ್ತಿ ಹೊರಗೆ ಎಳೆದು, ಒಮ್ಮೆ ಊದಿ, ಮತ್ತೆ ಹಾಕಿ. ಸದ್ದು ಕೇಳುತ್ತಿರಿ. ಕತ್ತರಿಸುವಾಗ ಸದ್ದು ತೆಳ್ಳಗೆ, ಒಂದೇ ಸಮ. ಒತ್ತಡ ಜಾಸ್ತಿಯಾದರೆ ದಪ್ಪಗಾಗಿ ನರಳುತ್ತದೆ. ನರಳಿದರೆ ಕೈ ಸಡಿಲ ಬಿಡಿ, ಇನ್ನೂ ಬೇಗ ಇಳಿಯುತ್ತದೆ. ಮೊದಲ ಸಲ ಇದು ನಂಬಿಕೆಯೇ ಬರುವುದಿಲ್ಲ.

ವೇಗದ ಗಾಲಿ ಇದ್ದರೆ ಮರಕ್ಕೆ ಮೇಲಿನ ವೇಗ, ಕಬ್ಬಿಣಕ್ಕೆ ಅದಕ್ಕಿಂತ ಕಡಿಮೆ, ಪಿವಿಸಿ ಪೈಪಿಗೆ ಇನ್ನೂ ಕಡಿಮೆ. ಪೈಪನ್ನು ಜೋರಾಗಿ ಕತ್ತರಿಸಿದರೆ ಅದು ಕರಗಿ, ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ. ಸುಮ್ನೆ ಹೇಳುತ್ತಿಲ್ಲ, ನೋಡಿದ್ದೇನೆ.

ಇಷ್ಟೆಲ್ಲ ನಿಧಾನ ಇರುವಾಗ ಗ್ರೈಂಡರೋ ಸರ್ಕ್ಯುಲರ್ ಸಾನೋ ಸಾಲದೇ ಅನ್ನಬಹುದು. ಮಾಡ್ಯುಲರ್ ಕಿಚನ್ನಿನ 18 ಮಿ.ಮೀ. ಪ್ಲೈವುಡ್ ಹಲಗೆಯಲ್ಲಿ ಸಾಕೆಟ್ ಬಾಕ್ಸಿಗೆ ಚೌಕ ತೂತು ಮಾಡಬೇಕು ಅಂತಿಟ್ಟುಕೊಳ್ಳಿ. ದುಂಡನೆಯ ಡಿಸ್ಕು ಹಲಗೆಯ ಹಿಂಬದಿ ಮೂಲೆ ಮುಟ್ಟಬೇಕಾದರೆ ಮುಂಬದಿಯಲ್ಲಿ ಮೂಲೆ ದಾಟಿ ಮುಂದಕ್ಕೆ ಹೋಗಲೇಬೇಕು. ನಾಲ್ಕು ಇಂಚಿನ ಡಿಸ್ಕು ಹಿಂಬದಿ ಮುಟ್ಟುವಷ್ಟೇ ಇಳಿದರೆ ಆ ದಾಟು 38 ಮಿ.ಮೀ., ಅಂದರೆ ಒಂದೂವರೆ ಇಂಚು. ನಾಲ್ಕು ಮೂಲೆಯಲ್ಲೂ ಎರಡೆರಡು ಬಾಲ. ಯಾವ ಸ್ವಿಚ್ ಪ್ಲೇಟೂ ಅದನ್ನು ಮುಚ್ಚುವುದಿಲ್ಲ. ಮಲ್ಟಿ ಟೂಲಿನ 32 ಮಿ.ಮೀ. ಅಗಲದ ಬ್ಲೇಡು ನೇರ ಒಳಗೆ ಚುಚ್ಚಿಕೊಂಡು ಹೋಗುತ್ತದೆ. ಮೂಲೆಗೆ ಬಂದು ಅಲ್ಲೇ ನಿಲ್ಲುತ್ತದೆ. ದೊಡ್ಡ ಹಲಗೆ ಸೀಳಲು ಇದನ್ನು ಹಿಡಿದರೆ ಬೆಳಿಗ್ಗೆ ಶುರು ಮಾಡಿದ್ದು ಸಂಜೆಗೆ ಮುಗಿಯಬಹುದು. ಆದರೆ ದೊಡ್ಡ ಯಂತ್ರ ತಲುಪದ ಕೊನೆಯ ಒಂದಿಂಚು ಇದೆಯಲ್ಲ, ಅದು ಇದರ ಜಾಗ.

ಇನ್ನೊಂದು ಅಂಥ ಜಾಗ ಈಗ ಎಲ್ಲೆಲ್ಲೂ ಸಿಗುತ್ತದೆ. ಹಳೆ ನೆಲ ಒಡೆಯದೆ ಅದರ ಮೇಲೆಯೇ ಹೊಸ ಟೈಲ್ಸ್ ಅಂಟಿಸುವುದು ವಾಡಿಕೆಯಾಗಿದೆ. ನೆಲ 12 ಮಿ.ಮೀ.ನಷ್ಟು ಮೇಲೆ ಬರುತ್ತದೆ. ಬಾಗಿಲು ತೆರೆಯುವುದಿಲ್ಲ ಅನ್ನುವುದು ಬೇರೆ ಕಥೆ. ಚೌಕಟ್ಟಿನ ಕಾಲಿನ ಸುತ್ತ ಟೈಲ್ಸನ್ನು ಕೊರೆದು ಕೂರಿಸುವುದು ಇನ್ನೂ ಕಷ್ಟ, ಎಷ್ಟು ಹುಷಾರಾಗಿ ಕೊರೆದರೂ ಸಂದಿ ಬಿಡುತ್ತದೆ, ಅದಕ್ಕೆ ಬಿಳಿ ಸಿಮೆಂಟು ಮೆತ್ತುತ್ತಾರೆ. ಟೈಲ್ಸ್ ಕತ್ತರಿಸುವ ಬದಲು ಮರವನ್ನೇ ಕತ್ತರಿಸಬಹುದಲ್ವಾ? ಹೊಸ ಟೈಲ್ಸಿನ ಒಂದು ಚೂರನ್ನು ಮಗುಚಿ ನೆಲದ ಮೇಲಿಡಿ. ಗೋಂದಿನ ದಪ್ಪಕ್ಕೆ ಒಂದು ರಟ್ಟು ಸೇರಿಸಿ. ಅದರ ಮೇಲೆ ಬ್ಲೇಡನ್ನು ಮಲಗಿಸಿ, ಹಾಗೆಯೇ ಕಾಲಿನೊಳಕ್ಕೆ ತಳ್ಳಿ. ಚೂರು ತಾನೇ ಅಳತೆಪಟ್ಟಿ. ಆಮೇಲೆ ಟೈಲ್ಸು ಕಾಲಿನ ಅಡಿಗೆ ಜಾರಿ ಕೂರುತ್ತದೆ, ಮೂಲೆಯಲ್ಲಿ ಏನೂ ಮೆತ್ತಬೇಕಿಲ್ಲ.

ಟೈಲ್ಸ್ ನಡುವಿನ ಕಪ್ಪಾದ ಗ್ರೌಟ್ ತೆಗೆಯಲು ಹಲ್ಲಿಲ್ಲದ, ಕಾರ್ಬೈಡ್ ಎಂಬ ತುಂಬ ಗಡುಸು ವಸ್ತುವಿನ ಹರಳು ಅಂಟಿಸಿದ ಬ್ಲೇಡು ಬರುತ್ತದೆ. ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ಸಂದಿಯ ಅಗಲ ಮೊದಲು ನೋಡಿ. ಸಾಮಾನ್ಯ ಗ್ರೌಟ್ ಬ್ಲೇಡು ಸುಮಾರು 2 ಮಿ.ಮೀ. ದಪ್ಪ. ನಮ್ಮಲ್ಲಿ ದೊಡ್ಡ ವಿಟ್ರಿಫೈಡ್ ಟೈಲ್ಸನ್ನು ಒಂದು ಮಿ.ಮೀ. ಸಂದಿಯಲ್ಲಿ ಕೂರಿಸುತ್ತಾರೆ. ಅಲ್ಲಿಗೆ ಇದನ್ನು ಹಾಕಿದರೆ ಗ್ರೌಟ್ ಜೊತೆ ಟೈಲ್ಸಿನ ಅಂಚೂ ಹೋಗುತ್ತದೆ.

ಉಪ್ಪುಕಾಗದ ಅಂಟಿಸುವ ತ್ರಿಕೋನದ ತಟ್ಟೆಯೂ ಪೆಟ್ಟಿಗೆಯಲ್ಲಿ ಇರುತ್ತದೆ. ಕಿಟಕಿಯ ಸರಳಿನ ಬುಡಕ್ಕೆ, ಬೀಡಿಂಗ್ ಸೇರುವ ಮೂಲೆಗೆ ಬೇರೆ ಏನೂ ಹೋಗುವುದಿಲ್ಲ, ಇದು ಹೋಗುತ್ತದೆ. ಇಡೀ ಬಾಗಿಲು ಉಜ್ಜಲು ಹೊರಟರೆ ಮಾತ್ರ ದಂಡ. ಒಂದು ಎಚ್ಚರ ಇದೆ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಎಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ್ದಾಗ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ, ತೆವಳುವ ಮಗು ಇದ್ದರೆ ಅದರ ಬಾಯಿಗೂ ಹೋಗುತ್ತದೆ. ಹಳೆ ಬಣ್ಣವನ್ನು ನೀರು ಹಾಕಿ ಕೈಯಲ್ಲೇ ಉಜ್ಜಿ. ಆಸ್‌ಬೆಸ್ಟಾಸ್ ಶೀಟಿನ ಹತ್ತಿರ ಈ ಯಂತ್ರ ತೆಗೆದುಕೊಂಡು ಹೋಗಲೇಬೇಡಿ. ಗೋಡೆಗೆ ಬ್ಲೇಡು ಚುಚ್ಚುವ ಮುನ್ನ ಆ ಕೋಣೆಯ ಎಂಸಿಬಿ ಇಳಿಸಿ, ಯಂತ್ರಕ್ಕೆ ಬೇರೆ ಕೋಣೆಯಿಂದ ವೈರು ಎಳೆದುಕೊಳ್ಳಿ. ಕನ್ನಡಕ, ಎನ್95 ಮಾಸ್ಕ್, ಕಿವಿಗೆ ಹತ್ತಿಯಲ್ಲ, ಸರಿಯಾದ ಪ್ಲಗ್. ಈ ಸದ್ದು ಪಕ್ಕದ ಫ್ಲ್ಯಾಟಿಗೂ ಕೇಳುತ್ತದೆ, ಮಧ್ಯಾಹ್ನ ಎರಡರಿಂದ ನಾಲ್ಕು ಬಿಟ್ಟರೆ ಒಳ್ಳೆಯದು.

ಕೊಳ್ಳುವಾಗ ಡಬ್ಬದ ಮೇಲಿನ ವ್ಯಾಟ್ ಒಂದನ್ನೇ ನೋಡಬೇಡಿ, ಡಿಗ್ರಿಯನ್ನೂ ನೋಡಿ. ಬಾಷ್ ಕಂಪನಿ ತನ್ನ ಮಾದರಿಯ ಹೆಸರಿನಲ್ಲೇ ಅದನ್ನು ಬರೆಯುತ್ತದೆ. ಜಿಒಪಿ 30-28 ಅಂದರೆ 300 ವ್ಯಾಟ್, 2.8 ಡಿಗ್ರಿ. 55-36 ಅಂದರೆ 550 ವ್ಯಾಟ್, 3.6 ಡಿಗ್ರಿ. ಡಿಗ್ರಿ ಹೆಚ್ಚಿದ್ದರೆ ಬೇಗ ಕತ್ತರಿಸುತ್ತದೆ, ಪುಡಿಯನ್ನೂ ಚೆನ್ನಾಗಿ ಎಸೆಯುತ್ತದೆ. ಕಡಿಮೆ ಇದ್ದರೆ ಉಜ್ಜುವ ಕೆಲಸ ನಯ. ಇನ್ನೊಂದು, ಬ್ಲೇಡಿನ ಕಣ್ಣು, ಅಂದರೆ ಯಂತ್ರಕ್ಕೆ ಸಿಕ್ಕಿಸುವ ತೂತು. ಫೈನ್ ಮತ್ತು ಬಾಷ್ ಸೇರಿ 2016ರಲ್ಲಿ ಸ್ಟಾರ್‌ಲಾಕ್ ಎಂಬ ಬಟ್ಟಲಿನಾಕಾರದ ಹಿಡಿತ ತಂದವು. ಬಿಗಿಯಾಗಿ ಕೂರುತ್ತದೆ, ಹಲವು ಯಂತ್ರಗಳಲ್ಲಿ ಸ್ಪ್ಯಾನರ್ ಬೇಡ. ಆದರೆ ಅದಕ್ಕೆ ಅಗ್ಗದ ಚಪ್ಪಟೆ ಬ್ಲೇಡು ಕೂರುವುದಿಲ್ಲ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಎರಡೂ ಸಿಗುತ್ತವೆ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾವ ಬ್ಲೇಡು ಸಿಗುತ್ತದೆ ಅಂತ ಮೊದಲು ಕೇಳಿ, ಆಮೇಲೆ ಯಂತ್ರ ಕೊಳ್ಳಿ. ವರ್ಷದೊಳಗೆ ಬ್ಲೇಡಿನ ಖರ್ಚು ಯಂತ್ರದ ಬೆಲೆಯನ್ನು ಹಿಡಿದುಬಿಡಬಹುದು.

ಬಚ್ಚಲಿನ ವಾಸ್ಕಲ್‌ಗೆ ಮರಳೋಣ. ಎರಡನೇ ಕಾಲನ್ನು ಆಚಾರ್ರು ನನ್ನ ಕೈಯಲ್ಲೇ ಮಾಡಿಸಿದರು. ಸ್ಕ್ರೂಡ್ರೈವರ್ ಚುಚ್ಚುತ್ತಾ ಮೇಲಕ್ಕೆ ಹೋಗಿ, ಮರ ಗಟ್ಟಿ ಸಿಕ್ಕಿದಲ್ಲಿಂದ ಇನ್ನೂ ಎರಡು ಇಂಚು ಮೇಲೆ ಗೆರೆ ಎಳೆದರು. ನಾನು ಮಟ್ಟಸವಾಗಿ ಕತ್ತರಿಸಲು ಹೊರಟರೆ ತಡೆದರು. ಗೆರೆ ಮುಂಬದಿಯಲ್ಲಿ ಕೆಳಗೆ, ಗೋಡೆಯ ಬದಿಯಲ್ಲಿ ಒಂದು ಸೆಂಟಿಮೀಟರ್ ಮೇಲೆ ಇರಬೇಕಂತೆ. ಹೆಂಚಿನ ಸೂರಿನ ಹಾಗೆ, ಮೇಲಿನಿಂದ ಇಳಿದ ನೀರು ಜೋಡಣೆಯೊಳಕ್ಕೆ ನುಗ್ಗದೆ ಹೊರಗೇ ಜಾರಬೇಕು.

ಮರದ ಆಳ ಎರಡೂವರೆ ಇಂಚು, ಬ್ಲೇಡು ಹೋಗುವುದು ಎರಡಕ್ಕಿಂತ ಕಡಿಮೆ. ಹೋದಷ್ಟು ಕತ್ತರಿಸಿ, ಕೆಳಗಿನ ಕೊಳೆತ ಮರವನ್ನು ಉಳಿಯಿಂದ ಕೈಯಲ್ಲೇ ಕೆತ್ತಿ ತೆಗೆದೆ. ಯಂತ್ರದ ಮೂತಿ ಒಳಗೆ ಹೋಗುವಷ್ಟು ಜಾಗವಾಯಿತು, ಉಳಿದದ್ದನ್ನು ಆಗ ಕತ್ತರಿಸಿದೆ. ಕೊನೆಯಲ್ಲಿ ಸದ್ದು ಬದಲಾಯಿತು, ಕಿರ್ ಅಂದಿತು. ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಹೋಲ್ಡ್‌ಫಾಸ್ಟ್. ಬೈಮೆಟಲ್ ಹಲ್ಲು ಅಷ್ಟು ದಪ್ಪ ಕಬ್ಬಿಣಕ್ಕೆ ಸವೆದುಹೋಗುತ್ತದೆ. ಕಾರ್ಬೈಡ್ ಹಲ್ಲಿನ ಬ್ಲೇಡು ಹಾಕಿ, ವೇಗ ಇಳಿಸಿ ಅದನ್ನು ಮುಗಿಸಿದೆವು.

ಕಾಲು ಟೈಲ್ಸಿನ ಕೆಳಕ್ಕೂ ಒಂದಿಂಚು ಇಳಿದಿತ್ತು. ಕೊಳೆತ ಶುರುವಾದದ್ದು ಅಲ್ಲಿಂದಲೇ. ಕಡಿದ ಮರದ ತುದಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಆ ಗುಂಡಿಯನ್ನು ಕೆರೆದು ತೆಗೆದು ಸಿಮೆಂಟು ತುಂಬಿ, ಒಣಗಲು ಎರಡು ದಿನ ಬಿಟ್ಟೆವು. ಹೊಸ ತುಂಡು ಮರದ್ದಲ್ಲ, ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ, ನೀರು ಕುಡಿಯದ ಡಬ್ಲ್ಯುಪಿಸಿ. ಮೇಲ್ತುದಿ ಇಳಿಜಾರು ಇರುವುದರಿಂದ ಅದನ್ನು ಮುಂದಿನಿಂದ ತಳ್ಳಲು ಆಗುವುದಿಲ್ಲ, ಹಜಾರದ ಬದಿಯಿಂದ ಅಡ್ಡಕ್ಕೆ ಜಾರಿಸಬೇಕು. ಮೊದಲ ಸಲ ಬಿಗಿಯಾಯಿತು. ಮತ್ತೆ ತೆಗೆದು, ತ್ರಿಕೋನದ ತಟ್ಟೆಯಲ್ಲಿ ಕೂದಲೆಳೆಯಷ್ಟು ಉಜ್ಜಿ, ಎಪಾಕ್ಸಿ ಅಂಟು ಹಚ್ಚಿ, ಓರೆಯಾಗಿ ಎರಡು ಸ್ಕ್ರೂ ಬಿಗಿದೆವು. ತುಂಡಿನ ಅಡಿ ನೆಲಕ್ಕೆ ತಾಗಿಸಲಿಲ್ಲ. ಮೂರು ಮಿ.ಮೀ. ಬಿಟ್ಟು ಸಿಲಿಕೋನ್ ತುಂಬಿದೆವು. ಬಣ್ಣ ಮಾರನೆಯ ದಿನ.